ಏರಿನಲ್ಲಿ ನಿಲ್ಲುವ ಎಲೆಕ್ಟ್ರಿಕ್ ಗಾಡಿ: ಬ್ಯಾಟರಿಯ ಶಕ್ತಿ ಕುಂದುವ ಕಾರಣ ಪತ್ತೆಹಚ್ಚುವುದು ಹೇಗೆ?

ಹೈದರಾಬಾದಿನಲ್ಲಿ ಹೋಟೆಲು, ಕೇಟರಿಂಗ್ ನಡೆಸುತ್ತಿರುವ ನಮ್ಮ ಸದಸ್ಯ ಬಂಧುಗಳಲ್ಲಿ ಹಲವರು ಪಾರ್ಸೆಲ್ ಸಾಗಿಸಲು ಈಗ ಎಲೆಕ್ಟ್ರಿಕ್ ಬೈಕು ಅಥವಾ ಸ್ಕೂಟರುಗಳನ್ನು ಇಟ್ಟುಕೊಂಡಿದ್ದಾರೆ. ಪೆಟ್ರೋಲಿನ ಖರ್ಚು ಉಳಿಯುತ್ತದೆ. ತೆಲಂಗಾಣ ಸರ್ಕಾರ 2024ರ ನವೆಂಬರಿನಲ್ಲಿ ಇಂತಹ ವಾಹನಗಳಿಗೆ ರಸ್ತೆ ತೆರಿಗೆ ಮತ್ತು ನೋಂದಣಿ ಶುಲ್ಕದ ವಿನಾಯಿತಿಯನ್ನೂ ಪ್ರಕಟಿಸಿತು. ಕೊಳ್ಳುವಾಗ ಎಲ್ಲವೂ ಸರಿ. ತೊಂದರೆ ಶುರುವಾಗುವುದು ವರ್ಷ, ಒಂದೂವರೆ ವರ್ಷದ ನಂತರ. ಗಾಡಿ ಮೊದಲಿನಷ್ಟು ದೂರ ಓಡುವುದಿಲ್ಲ, ಏರಿನಲ್ಲಿ ನಿಲ್ಲುತ್ತದೆ. ಕೇಳಿದರೆ ಅಂಗಡಿಯವರು ಹೇಳುವುದು ಒಂದೇ ಮಾತು: "ಬ್ಯಾಟರಿ ಹೋಗಿದೆ, ಹೊಸದು ಹಾಕಿಸಿ." ಎಷ್ಟೋ ಸಲ ಬ್ಯಾಟರಿ ಪೂರ್ತಿ ಹೋಗಿರುವುದಿಲ್ಲ. ಅದನ್ನು ನಾವೇ ಮಟ್ಟಿಗೆ ಪರೀಕ್ಷಿಸಿಕೊಳ್ಳುವ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಇಂಜಿನಿಯರ್ ಅಲ್ಲ, ಹೋಟೆಲಿನವನು. ಕೈಸುಟ್ಟುಕೊಂಡು ಕಲಿತದ್ದು.

ನಮ್ಮಲ್ಲಿ ಎರಡು ಗಾಡಿಗಳಿವೆ. ಒಂದು ಹಳೆಯದು, ಲೆಡ್-ಆಸಿಡ್ ಬ್ಯಾಟರಿಯದು, ಸೆಕೆಂಡ್ ಹ್ಯಾಂಡ್ ತೆಗೆದುಕೊಂಡದ್ದು. ಇನ್ನೊಂದು ಲಿಥಿಯಂ ಬ್ಯಾಟರಿಯದು. ಬಂಜಾರಾ ಹಿಲ್ಸ್‌ನ ಒಂದು ಕಛೇರಿಗೆ ವಾರದಲ್ಲಿ ಐದು ದಿನ ಬೆಳಗಿನ ಟಿಫಿನ್ ಹೋಗುತ್ತಿತ್ತು. 120 ಇಡ್ಲಿ, 60 ವಡೆ, ಸಾಂಬಾರಿನ ಹಾಟ್‌ಬಾಕ್ಸ್. ಒಂದು ಸೋಮವಾರ ಎಂಟು ಗಂಟೆಗೆ ಬೀದರ್ ಕಡೆಯ ನಮ್ಮ ಹುಡುಗ ಪಂಜಾಗುಟ್ಟದ ಆಚೆಯಿಂದ ಫೋನ್ ಮಾಡಿದ: "ಸಾವ್ಕಾರ್ರೇ, ಗಾಡಿ ಏರಿನ್ಯಾಗ ನಿಂತದ. ಹತ್ತು ಮಿನಿಟ್ ಬಿಟ್ಟು ನೋಡಿದ್ರ ಚಾಲೂ ಆಗ್ತದ, ಸ್ವಲ್ಪ ಹೋಗಿ ಮತ್ತ ನಿಂದರ್ತದ." ಆಟೋ ಹಿಡಿಸಿ ಕಳಿಸುವಷ್ಟರಲ್ಲಿ ಒಂಬತ್ತೂಕಾಲು. ಅದೇ ವಾರದಲ್ಲಿ ಇನ್ನೊಂದು ಸಲ ಹೀಗೇ ಆಯಿತು. ತಿಂಗಳ ಕೊನೆಗೆ ಆ ಆರ್ಡರ್ ಬೇರೆಯವರ ಪಾಲಾಯಿತು. ಬ್ಯಾಟರಿಯ ಬೆಲೆಗಿಂತ ಅದು ದೊಡ್ಡ ನಷ್ಟ.

ಏರಿನಲ್ಲೇ ಏಕೆ?

ಹುಡುಗ ಹೇಳಿದ ಮಾತಿನಲ್ಲೇ ರೋಗದ ಲಕ್ಷಣವಿದೆ. ಸಮತಟ್ಟಿನಲ್ಲಿ ಓಡುತ್ತದೆ, ಏರಿನಲ್ಲಿ ನಿಲ್ಲುತ್ತದೆ, ಬಿಟ್ಟರೆ ಚೇತರಿಸಿಕೊಳ್ಳುತ್ತದೆ. ಇದಕ್ಕೆ ಸ್ವಲ್ಪ ಲೆಕ್ಕ ಬೇಕು.

ಗಾಡಿ, ಸವಾರ, ಸಾಮಾನು ಸೇರಿ 220 ಕಿಲೋ ಎಂದಿಟ್ಟುಕೊಳ್ಳಿ. ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 30 ಕಿ.ಮೀ. ವೇಗಕ್ಕೆ ಸುಮಾರು 500 ವ್ಯಾಟ್ ಸಾಕು. 60 ವೋಲ್ಟಿನ ಬ್ಯಾಟರಿಯಿಂದ 8ರಿಂದ 10 ಆಂಪಿಯರ್ ಹರಿಯುತ್ತದೆ. ನೂರು ಅಡಿ ಹೋಗುವಲ್ಲಿ ಆರು ಅಡಿ ಏರುವ ರಸ್ತೆಯಲ್ಲಿ ಅದೇ ವೇಗಕ್ಕೆ ಇನ್ನೂ ಸಾವಿರ ವ್ಯಾಟ್ ಹೆಚ್ಚು ಬೇಕು. ಕರೆಂಟು 30 ಆಂಪಿಯರಿನ ಆಸುಪಾಸಿಗೆ, ಅಂದರೆ ಮೂರು ಪಟ್ಟಿಗೆ ಏರುತ್ತದೆ.

ಪ್ರತಿ ಬ್ಯಾಟರಿಗೂ ಒಳಗೆ ಒಂದಿಷ್ಟು ತಡೆ ಇರುತ್ತದೆ. ಸಾಂಬಾರಿನ ಡ್ರಮ್ಮಿಗೆ ನಲ್ಲಿ ಹಾಕಿದ ಹಾಗೆ. ಡ್ರಮ್ ತುಂಬಿದ್ದರೂ ನಲ್ಲಿಯಲ್ಲಿ ತರಕಾರಿ ಸಿಕ್ಕಿಕೊಂಡಿದ್ದರೆ ಹನಿಹನಿಯಾಗಿ ಬರುತ್ತದೆ. ಒಳ್ಳೆಯ ಬ್ಯಾಟರಿಯಲ್ಲಿ ಈ ತಡೆ 0.08 ಓಮ್ ಇದ್ದರೆ 30 ಆಂಪಿಯರಿಗೆ 2.4 ವೋಲ್ಟ್ ಇಳಿಯುತ್ತದೆ, ಗೊತ್ತೇ ಆಗುವುದಿಲ್ಲ. ಸೊರಗಿದ ಬ್ಯಾಟರಿಯಲ್ಲಿ ಅದು 0.3 ಓಮ್ ಆದರೆ 9 ವೋಲ್ಟ್ ಇಳಿಯುತ್ತದೆ. ನಿಂತಾಗ 61 ವೋಲ್ಟ್ ತೋರಿಸುವ ಬ್ಯಾಟರಿ ಏರಿನಲ್ಲಿ 52ಕ್ಕೆ ಕುಸಿಯುತ್ತದೆ. 60 ವೋಲ್ಟಿನ ಲೆಡ್-ಆಸಿಡ್ ಗಾಡಿಯ ಕಂಟ್ರೋಲರ್ ಸುಮಾರು 52.5ರ ಕೆಳಗೆ ಹೋಗಲು ಬಿಡದೆ ಮೋಟಾರನ್ನು ನಿಲ್ಲಿಸುತ್ತದೆ. ಮೋಟಾರ್ ನಿಂತೊಡನೆ ಕರೆಂಟು ಸೊನ್ನೆ, ವೋಲ್ಟೇಜ್ ಮತ್ತೆ 61. "ಚಾಲೂ ಆಗ್ತದ, ಮತ್ತ ನಿಂದರ್ತದ" ಎಂಬುದರ ಒಳಗುಟ್ಟು ಇಷ್ಟೇ.

ಆದ್ದರಿಂದ ನಿಂತ ಗಾಡಿಗೆ ಮೀಟರ್ ಹಿಡಿದು "61 ಇದೆ, ಬ್ಯಾಟರಿ ಚೆನ್ನಾಗಿದೆ" ಎನ್ನುವ ಮೆಕ್ಯಾನಿಕ್ಕನ್ನು ನಂಬಬೇಡಿ. ಭಾರ ಎಳೆಯುವಾಗ ಅಳೆಯಬೇಕು.

ಮೊದಲು ಕಾಸು ಖರ್ಚಿಲ್ಲದ ತಪಾಸಣೆ

ಬ್ಯಾಟರಿಗೆ ಕೈಹಾಕುವ ಮೊದಲು ರಾತ್ರಿ ಚಾರ್ಜ್ ನಿಜವಾಗಿ ಆಗಿದೆಯೇ ನೋಡಿ. ತಮಾಷೆಯಲ್ಲ. ನಮ್ಮಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ಚಟ್ನಿ ರುಬ್ಬಲು ಚಾರ್ಜರಿನ ಪ್ಲಗ್ ಕಿತ್ತು ಮಿಕ್ಸಿ ಸಿಕ್ಕಿಸುತ್ತಿದ್ದರು. ಮತ್ತೆ ಚಾರ್ಜರ್ ಸಿಕ್ಕಿಸಲು ಯಾರಿಗೂ ನೆನಪಿರುತ್ತಿರಲಿಲ್ಲ. ಗಾಡಿಗೆಂದೇ ಬೇರೆ ಪಾಯಿಂಟು, ಬೇರೆ ಎಂಸಿಬಿ ಹಾಕಿಸಿದ ಮೇಲೆ ಅರ್ಧ ದೂರು ನಿಂತಿತು.

ಆಮೇಲೆ ಗಾಡಿಯನ್ನು ಸೆಂಟರ್ ಸ್ಟ್ಯಾಂಡಿಗೆ ಹಾಕಿ ಹಿಂದಿನ ಚಕ್ರವನ್ನು ಕೈಯಲ್ಲಿ ತಿರುಗಿಸಿ. ಬ್ರೇಕ್ ಉಜ್ಜುತ್ತಿದ್ದರೆ, ಟಯರಿನಲ್ಲಿ ಗಾಳಿ ಕಡಿಮೆ ಇದ್ದರೆ ಬ್ಯಾಟರಿಯ ಶಕ್ತಿಯೆಲ್ಲ ಅಲ್ಲೇ ಖರ್ಚು. ಬೋಯಿನ್‌ಪಲ್ಲಿಯಿಂದ ತರಕಾರಿ ಮೂಟೆ ಹೇರಿಕೊಂಡು ಬರುವ ಗಾಡಿಯ ಟಯರನ್ನು ವಾರಕ್ಕೊಮ್ಮೆ ನೋಡಲೇಬೇಕು.

ಗಾಡಿ ಏಕಾಏಕಿ ಪೂರ್ತಿ ಸತ್ತಂತಾದರೆ, ಡಿಸ್‌ಪ್ಲೇ ಕೂಡ ಹೊತ್ತದಿದ್ದರೆ, ಸೀಟಿನ ಕೆಳಗಿನ ಎಂಸಿಬಿ ಬಿದ್ದಿರಬಹುದು ಅಥವಾ ಫ್ಯೂಸ್ ಹೋಗಿರಬಹುದು. ಡಿಸ್‌ಪ್ಲೇ ಹೊತ್ತಿ ಗಾಡಿ ಮಾತ್ರ ಚಲಿಸದಿದ್ದರೆ ಸೈಡ್ ಸ್ಟ್ಯಾಂಡ್ ಸ್ವಿಚ್ಚು, ಬ್ರೇಕ್ ಲಿವರಿನ ಸ್ವಿಚ್ಚು ನೋಡಿ. ಬ್ರೇಕ್ ಹಿಡಿದಾಗ ಮೋಟಾರಿಗೆ ಕರೆಂಟು ತಪ್ಪಿಸುವ ಸ್ವಿಚ್ಚು ಅದು. ಎಣ್ಣೆ, ಹಿಟ್ಟು, ನೀರು ಸೇರಿ ಅಂಟಿಕೊಂಡರೆ ಗಾಡಿ ಯಾವಾಗಲೂ ಬ್ರೇಕಿನಲ್ಲೇ ಇದೆ ಎಂದು ತಿಳಿಯುತ್ತದೆ. ನಮ್ಮ ಹುಡುಗರು ಪಾತ್ರೆ ತೊಳೆಯುವ ಪೈಪಿನಲ್ಲೇ ಗಾಡಿಯನ್ನೂ ತೊಳೆಯುವುದರಿಂದ ಇದು ಹೋಟೆಲಿನವರಿಗೆ ಹೆಚ್ಚು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಕನೆಕ್ಟರ್ ಎಂಬ ಕಳ್ಳ

ನಮ್ಮ ಎರಡನೆಯ ಗಾಡಿಯದು ಬೇರೆ ಕಥೆ. ಲಿಥಿಯಂ ಬ್ಯಾಟರಿ, ವಯಸ್ಸೂ ಆಗಿರಲಿಲ್ಲ, ಆದರೂ ವೇಗ ಕಡಿಮೆ, ಸೀಟಿನ ಕೆಳಗೆ ಸುಟ್ಟ ವಾಸನೆ. ಅಂಗಡಿಯವರು ಇದಕ್ಕೂ ಹೊಸ ಬ್ಯಾಟರಿಯ ಎಸ್ಟಿಮೇಟ್ ಕೊಟ್ಟರು. ನಮ್ಮ ಗಲ್ಲಿಯ ಎಲೆಕ್ಟ್ರಿಷಿಯನ್ ಭಾಯಿ ಬಂದು ಮೂಗಿನಿಂದಲೇ ಪತ್ತೆ ಮಾಡಿದ. ಬ್ಯಾಟರಿಯಿಂದ ಕಂಟ್ರೋಲರಿಗೆ ಹೋಗುವ ಕನೆಕ್ಟರಿನ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿತ್ತು.

ಪಿನ್ನು ಸಡಿಲವಾಗಿ 0.05 ಓಮ್ ತಡೆ ಬಂದರೆ 40 ಆಂಪಿಯರಿನಲ್ಲಿ 2 ವೋಲ್ಟ್ ಅಲ್ಲೇ ನಷ್ಟ. ಅದಕ್ಕಿಂತ ಮುಖ್ಯವಾದದ್ದು, ಆ ಸಣ್ಣ ಜಾಗದಲ್ಲಿ 80 ವ್ಯಾಟ್ ಶಾಖ ಹುಟ್ಟುತ್ತದೆ. ರೇಡಿಯೋ ರಿಪೇರಿಯವರ ಬೆಸುಗೆ ಕಡ್ಡಿ ಸಾಮಾನ್ಯವಾಗಿ 25ರಿಂದ 60 ವ್ಯಾಟಿನದು. ಸೀಟಿನ ಕೆಳಗೆ ಅದನ್ನು ಹಚ್ಚಿಟ್ಟುಕೊಂಡು ಓಡಾಡಿದ ಹಾಗೆ. ಎರಡೂ ಕಡೆಯ ಪಿನ್ನು, ಕನೆಕ್ಟರು ಬದಲಿಸಿದ್ದಕ್ಕೆ ಆದದ್ದು ಕೆಲವು ನೂರು ರೂಪಾಯಿ. ಒಂದು ಸವಾರಿ ಮುಗಿಸಿ ಬಂದ ಕೂಡಲೇ ಗಾಡಿ ಆಫ್ ಮಾಡಿ ಕನೆಕ್ಟರುಗಳ ಹೊರಮೈ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ, ಕೈ ಇಡಲಾಗದಷ್ಟು ಬಿಸಿಯಾಗಿದ್ದರೆ ಆ ದಿನವೇ ಬದಲಿಸಿ.

ಐದರಲ್ಲಿ ಒಂದು

ಈಗ ಏರಿನಲ್ಲಿ ನಿಂತ ಹಳೆಯ ಗಾಡಿಗೆ ಬರೋಣ. 60 ವೋಲ್ಟಿನ ಲೆಡ್-ಆಸಿಡ್ ಎಂದರೆ 12 ವೋಲ್ಟಿನ ಐದು ಡಬ್ಬಿಗಳು ಸರಪಳಿಯಂತೆ ಸೇರಿರುತ್ತವೆ. ಪೂರ್ತಿ ಚಾರ್ಜ್ ಆಗಿ ಕೆಲವು ಗಂಟೆ ವಿಶ್ರಾಂತಿ ಪಡೆದ ಒಳ್ಳೆಯ ಡಬ್ಬಿ 12.7 ವೋಲ್ಟ್ ತೋರಿಸಬೇಕು. ಭಾಯಿ ಒಂದೊಂದನ್ನೇ ಅಳೆದ: 12.5, 12.5, 12.4, 12.5, ಐದನೆಯದು 11.6. ಆಮೇಲೆ ಮೀಟರಿನ ಕ್ಲಿಪ್ಪನ್ನು ಐದನೆಯ ಡಬ್ಬಿಗೆ ಸಿಕ್ಕಿಸಿಟ್ಟು, ಹಿಂದೆ ಒಬ್ಬನನ್ನು ಕೂರಿಸಿಕೊಂಡು ಕಟ್ಟಡದ ಸೆಲ್ಲರಿನ ರ‍್ಯಾಂಪನ್ನು ನಿಧಾನವಾಗಿ ಹತ್ತಿಸಿದೆವು. ಕಾಂಟಾ 8ಕ್ಕೆ ಬಿತ್ತು. ಉಳಿದವು ಹನ್ನೊಂದೂವರೆಯ ಮೇಲೇ ನಿಂತವು. "ಸೇಠ್, ಎಲ್ಲ ಸತ್ತಿಲ್ಲ, ಒಂದೇ ಕಾಯಿಲೆ ಬಿದ್ದಿದೆ" ಎಂದ.

ಒಂದೇ ಏಕೆ ಕೆಟ್ಟಿತು? ಹಿಂದಿನ ಮಾಲೀಕರು ಯಾರೋ ಹೆಚ್ಚಿನ ಲೈಟು ಮತ್ತು ಹಾರನ್ನಿಗೆ 12 ವೋಲ್ಟ್ ಬೇಕೆಂದು ಆ ಒಂದು ಡಬ್ಬಿಯಿಂದಲೇ ತಂತಿ ಎಳೆದಿದ್ದರು. ಐವರು ದುಡಿಯುವ ಅಡುಗೆಮನೆಯಲ್ಲಿ ಒಬ್ಬನಿಗೆ ಮಾತ್ರ ಪಾತ್ರೆಯನ್ನೂ ತೊಳೆಯಲು ಹಚ್ಚಿದಂತೆ. ಚಾರ್ಜರ್ ಐದಕ್ಕೂ ಒಟ್ಟಿಗೆ ಊಡಿಸುತ್ತದೆ, ಹೆಚ್ಚು ದುಡಿದವನಿಗೆ ಹೆಚ್ಚು ಬಡಿಸುವುದಿಲ್ಲ. ಅದು ದಿನದಿನಕ್ಕೆ ಹಿಂದೆ ಬೀಳುತ್ತದೆ. ಲೈಟು, ಹಾರನ್, ಮೊಬೈಲ್ ಚಾರ್ಜರ್ ಏನೇ ಇರಲಿ, ಗಾಡಿಯ ಕನ್ವರ್ಟರ್ ಮೂಲಕವೇ ತೆಗೆದುಕೊಳ್ಳಬೇಕು.

ಇಲ್ಲಿ ಒಂದು ಎಚ್ಚರಿಕೆ. ಹಳೆಯ ನಾಲ್ಕರ ಜೊತೆ ಹೊಚ್ಚಹೊಸ ಒಂದನ್ನು ಸೇರಿಸುವುದು ತಾತ್ಕಾಲಿಕ ಉಪಾಯ ಮಾತ್ರ. ನಾಲ್ಕೂ ಒಂದು ವರ್ಷದೊಳಗಿನವಾದರೆ ಅದೇ ಕಂಪನಿ, ಅದೇ ಆಂಪಿಯರ್-ಅವರಿನದು ಹಾಕಬಹುದು. ಹಳೆಯವಾದರೆ ಐದನ್ನೂ ಬದಲಿಸುವುದೇ ಲೇಸು. ಅಳೆಯುವಾಗ ಕೈಯ ಉಂಗುರ, ವಾಚು ತೆಗೆದಿಡಿ. ಸ್ಪ್ಯಾನರ್ ಎರಡು ಟರ್ಮಿನಲ್‌ಗಳಿಗೆ ಅಡ್ಡ ಬಿದ್ದರೆ ಕೈ ಸುಡುತ್ತದೆ. ಲಿಥಿಯಂ ಪೆಟ್ಟಿಗೆಯನ್ನಂತೂ ಯಾವ ಕಾರಣಕ್ಕೂ ಬಿಚ್ಚಬೇಡಿ, ಗಲ್ಲಿಯ ಮೆಕ್ಯಾನಿಕ್ಕಿಗೆ ಬಿಚ್ಚಲೂ ಬಿಡಬೇಡಿ. ಅದರ ಒಳಗಿನ ಸೆಲ್‌ಗಳ ವೋಲ್ಟೇಜನ್ನು ಸರ್ವೀಸ್ ಸೆಂಟರಿನವರು ಬಿಎಂಎಸ್ ಎಂಬ ಕಾವಲು ಸರ್ಕ್ಯೂಟಿಗೆ ಕಂಪ್ಯೂಟರ್ ಜೋಡಿಸಿ ನೋಡುತ್ತಾರೆ. ಆ ಪಟ್ಟಿಯ ಪ್ರಿಂಟ್ ಕೇಳಿ ಪಡೆಯಿರಿ. ಎಲ್ಲ ಸೆಲ್ ಗುಂಪುಗಳೂ ಹೆಚ್ಚುಕಡಿಮೆ ಒಂದೇ ಅಂಕಿ ತೋರಿಸಬೇಕು. ಒಂದು ಮಾತ್ರ ಕೆಳಗಿದ್ದರೆ ವಾರಂಟಿ ಕೇಳಲು ಅದೇ ನಿಮ್ಮ ಕೈಯ ದಾಖಲೆ.

ಎರಡು ಚಾರ್ಜರ್, ಒಂದೇ ಪ್ಲಗ್

ಕೆಟ್ಟ ಡಬ್ಬಿ ಬದಲಿಸಿದ ಮೇಲೂ ಮೀಟರ್ ನನ್ನನ್ನು ಕಾಡುತ್ತಿತ್ತು. ಉಳಿದ ನಾಲ್ಕು 12.7 ತೋರಿಸಬೇಕಾದಲ್ಲಿ 12.5ರಲ್ಲೇ ನಿಂತಿದ್ದವಲ್ಲ? ರಾತ್ರಿಯಿಡೀ ಚಾರ್ಜ್ ಆಗಿದ್ದರೂ? ಎರಡು ದಿನ ಕಾದು ನೋಡಿದಾಗ ತಿಳಿಯಿತು. ಎರಡೂ ಗಾಡಿಯ ಚಾರ್ಜರುಗಳ ಮೇಲೆ "60 ವೋಲ್ಟ್" ಎಂದೇ ಬರೆದಿದೆ, ಪ್ಲಗ್ಗೂ ಒಂದೇ ಥರ. ಹುಡುಗರು ಕೈಗೆ ಸಿಕ್ಕಿದ್ದನ್ನು ಸಿಕ್ಕಿಸುತ್ತಿದ್ದರು.

ಲೆಡ್-ಆಸಿಡ್ ಡಬ್ಬಿ ಪೂರ್ತಿ ತುಂಬಲು ಒಂದಕ್ಕೆ 14.5ರಿಂದ 14.7 ವೋಲ್ಟ್ ಬೇಕು, ಐದಕ್ಕೆ ಸುಮಾರು 73. ನಮ್ಮ ಲಿಥಿಯಂ ಬ್ಯಾಟರಿಯಲ್ಲಿ ಸಾಲಿನಲ್ಲಿ 16 ಸೆಲ್ ಗುಂಪುಗಳು, ಒಂದಕ್ಕೆ ಗರಿಷ್ಠ 4.2 ವೋಲ್ಟ್, ಒಟ್ಟು 67.2. ಲಿಥಿಯಂ ಚಾರ್ಜರನ್ನು ಲೆಡ್-ಆಸಿಡಿಗೆ ಹಚ್ಚಿದರೆ ಡಬ್ಬಿಗೆ 13.4 ವೋಲ್ಟ್ ಮಾತ್ರ ಸಿಗುತ್ತದೆ. ಅದು ಎಂದೂ ತುಂಬುವುದಿಲ್ಲ, ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ತಿಂಗಳು ತಿಂಗಳಿಗೆ ಓಡುವ ದೂರ ಕುಗ್ಗುತ್ತದೆ. ಇದು ಹಣದ ನಷ್ಟ.

ತಿರುಗಾಮುರುಗಾ ಆದರೆ ಪ್ರಾಣಕ್ಕೇ ಅಪಾಯ. 67.2 ಮೀರಬಾರದ ಲಿಥಿಯಂಗೆ 73 ವೋಲ್ಟ್ ನೂಕಿದಂತಾಗುತ್ತದೆ. ಬಿಎಂಎಸ್ ಸರಿಯಿದ್ದರೆ ತಡೆಯುತ್ತದೆ. ಅದೊಂದನ್ನೇ ನಂಬಿಕೊಂಡು ನಾವೆಲ್ಲ ಮಹಡಿಯ ಮೇಲೆ ಮಲಗಿದ್ದೆವು ಎಂದು ಅಂದು ತಿಳಿದಾಗ ನನಗೆ ನಿದ್ದೆ ಬರಲಿಲ್ಲ. ಮರುದಿನವೇ ಒಂದು ಚಾರ್ಜರಿಗೂ ಅದರ ಗಾಡಿಗೂ ಕೆಂಪು ಬಣ್ಣ, ಇನ್ನೊಂದು ಜೋಡಿಗೆ ಹಸಿರು ಬಣ್ಣ ಬಳಿಸಿ, ಪ್ಲಗ್ಗನ್ನೂ ಬೇರೆ ಮಾದರಿಗೆ ಬದಲಿಸಿಸಿದೆ. ಎರಡು ಬಗೆಯ ಗಾಡಿ ಇಟ್ಟುಕೊಂಡ ಸದಸ್ಯರು ಈ ಲೇಖನವನ್ನು ಕೆಳಗಿಟ್ಟು ಮೊದಲು ಇದನ್ನು ನೋಡಿಕೊಳ್ಳಬೇಕು.

ಬೇಸಿಗೆ ಮತ್ತು ಆಷಾಢ

ಏಪ್ರಿಲ್, ಮೇ ತಿಂಗಳಲ್ಲಿ ಹೈದರಾಬಾದಿನ ಬಿಸಿಲು 40 ಡಿಗ್ರಿ ದಾಟುತ್ತದೆ. ಅಂತಹ ಮಧ್ಯಾಹ್ನ ಲಿಥಿಯಂ ಗಾಡಿ ಮಂದವಾದರೆ ಅದು ಕೆಟ್ಟಿದೆ ಎಂದಲ್ಲ. ಬ್ಯಾಟರಿಯೋ ಕಂಟ್ರೋಲರೋ ಬಿಸಿಯಾಗಿ ತಾನೇ ಶಕ್ತಿ ತಗ್ಗಿಸಿಕೊಂಡಿದೆ. ಸಂಜೆಗೆ ಸರಿಹೋದರೆ ಇದೇ ಕಾರಣ. ಊಟದ ಪಾರ್ಸೆಲ್ ಮುಗಿಸಿ ಬಂದ ಗಾಡಿಯನ್ನು ಕೂಡಲೇ ಚಾರ್ಜಿಗೆ ಹಾಕದೆ ನೆರಳಿನಲ್ಲಿ ಅರ್ಧ ಗಂಟೆ ಆರಲು ಬಿಡಿ. ಹಿತ್ತಲಲ್ಲಿ ಬಾಯ್ಲರ್ ಪಕ್ಕ, ಅಡುಗೆಮನೆಯ ಎಕ್ಸಾಸ್ಟ್ ಫ್ಯಾನಿನ ಕೆಳಗೆ ಜಾಗ ಖಾಲಿಯಿದೆಯೆಂದು ಅಲ್ಲಿ ನಿಲ್ಲಿಸುವ ಅಭ್ಯಾಸ ನಮ್ಮವರಲ್ಲಿ ಬಹಳ. ಬಿಸಿಯೂ ಎಣ್ಣೆ ಜಿಡ್ಡೂ ಒಟ್ಟಿಗೆ ಬಡಿಯುತ್ತವೆ.

ಕೇಟರಿಂಗ್ ಮಾಡುವವರಿಗೆ ಇನ್ನೊಂದು ಪ್ರಶ್ನೆ. ಆಷಾಢದಲ್ಲಿ, ಶೂನ್ಯಮಾಸದಲ್ಲಿ ಮದುವೆಗಳಿಲ್ಲ, ಗಾಡಿ ಮೂಲೆ ಸೇರುತ್ತದೆ. ಜಿಪಿಎಸ್, ಕಳ್ಳರ ಅಲಾರಂ ಮಾತ್ರ ಎಚ್ಚರವಾಗಿರುತ್ತವೆ. ಬ್ಯಾಟರಿಯಿಂದ 20 ಮಿಲಿ ಆಂಪಿಯರ್ ಹರಿಯುತ್ತಿದ್ದರೂ 60 ದಿನಕ್ಕೆ 28.8 ಆಂಪಿಯರ್-ಅವರ್ ಆಗುತ್ತದೆ. 30ರ ಬ್ಯಾಟರಿ ಬಹುತೇಕ ಬರಿದು. ನಿಲ್ಲಿಸುವಾಗ ಎಂಸಿಬಿ ಇಳಿಸಿ ಅಥವಾ ಬ್ಯಾಟರಿಯ ಸಂಪರ್ಕ ತಪ್ಪಿಸಿ. ಲೆಡ್-ಆಸಿಡನ್ನು ಪೂರ್ತಿ ತುಂಬಿಸಿ ಇಡಬೇಕು, ತಿಂಗಳಿಗೊಮ್ಮೆ ಮತ್ತೆ ತುಂಬಿಸಬೇಕು. ಲಿಥಿಯಂ ಆದರೆ ಅರ್ಧದ ಆಸುಪಾಸಿನಲ್ಲಿ ಇಟ್ಟು ಆಗಾಗ ನೋಡಬೇಕು. ತಿಂಗಳುಗಟ್ಟಲೆ ಬರಿದಾಗಿ ಬಿದ್ದಿದ್ದ ಲಿಥಿಯಂ ಬ್ಯಾಟರಿಗೆ ಬಿಎಂಎಸ್ ತಪ್ಪಿಸಿ ನೇರ ಕರೆಂಟು ಕೊಟ್ಟು "ಎಬ್ಬಿಸುತ್ತೇವೆ" ಎನ್ನುವವರಿದ್ದಾರೆ. ಒಪ್ಪಬೇಡಿ. ಒಳಗೆ ಹಾಳಾದ ಸೆಲ್ ಚಾರ್ಜಿನ ನಡುವೆ ಹೊತ್ತಿಕೊಳ್ಳಬಹುದು.

ಎಲ್ಲಿ ಚಾರ್ಜ್ ಮಾಡುತ್ತಿದ್ದೀರಿ?

2022ರ ಸೆಪ್ಟೆಂಬರ್ 12ರ ರಾತ್ರಿಯನ್ನು ಸಿಕಂದರಾಬಾದಿನವರು ಮರೆತಿಲ್ಲ. ರೂಬಿ ಹೋಟೆಲ್ ಕಟ್ಟಡದ ಕೆಳಭಾಗದಲ್ಲಿದ್ದ ಎಲೆಕ್ಟ್ರಿಕ್ ಸ್ಕೂಟರ್ ಷೋರೂಮಿನಲ್ಲಿ ಬೆಂಕಿ ಕಾಣಿಸಿಕೊಂಡಿತು. ಹೊಗೆ ಮೆಟ್ಟಿಲುದಾರಿ ಹಿಡಿದು ಮೇಲಿನ ಲಾಡ್ಜಿಗೆ ಏರಿತು. ಎಂಟು ಮಂದಿ ಸತ್ತರು. ಬಹುಪಾಲು ಜನರನ್ನು ಕೊಂದದ್ದು ಹೊಗೆ. ತಂಗಲು ಬಂದ ಅತಿಥಿಗಳು, ನಮ್ಮಂಥ ವೃತ್ತಿಯವರ ಆಶ್ರಯದಲ್ಲಿದ್ದವರು.

ನಾವು ಸ್ಕೂಟರ್ ಮಾರುವವರಲ್ಲ, ಒಂದೆರಡು ಗಾಡಿ ಇಟ್ಟುಕೊಂಡವರು. ಆದರೆ ನಮ್ಮ ಸೆಲ್ಲರುಗಳಲ್ಲಿ ಏನಿರುತ್ತದೆ ನೋಡಿ: ಗ್ಯಾಸ್ ಸಿಲಿಂಡರ್, ಎಣ್ಣೆ ಡಬ್ಬ, ಪಾರ್ಸೆಲ್ ರಟ್ಟು, ಪಕ್ಕದಲ್ಲೇ ಹುಡುಗರು ಮಲಗುವ ಕೋಣೆ, ಮೇಲೆ ಹೋಗಲು ಒಂದೇ ಮೆಟ್ಟಿಲು. ಆ ಮೆಟ್ಟಿಲ ಬುಡದಲ್ಲೇ ಚಾರ್ಜಿಂಗ್. ಲೆಡ್-ಆಸಿಡ್ ಕೂಡ ನಿರುಪದ್ರವಿಯಲ್ಲ. ಅತಿಯಾಗಿ ಚಾರ್ಜ್ ಆದರೆ ಹೈಡ್ರೋಜನ್ ಬಿಡುತ್ತದೆ, ಗಾಳಿಯಲ್ಲಿ ಅದು ನೂರಕ್ಕೆ ನಾಲ್ಕು ಪಾಲಾದರೆ ಕಿಡಿ ಸಾಕು. ಚಾರ್ಜಿಂಗ್ ಜಾಗ ಗಾಳಿಯಾಡುವ ಕಡೆ, ಒಲೆ ಮತ್ತು ಸಿಲಿಂಡರಿನಿಂದ ದೂರ, ಮೆಟ್ಟಿಲು ಹಾಗೂ ಮಲಗುವ ಕೋಣೆಯಿಂದ ದೂರ ಇರಲೇಬೇಕು. ನಾನು ನಮ್ಮ ಗಾಡಿಗಳ ಚಾರ್ಜಿಂಗನ್ನು ರಾತ್ರಿಯಿಂದ ಮಧ್ಯಾಹ್ನ ನಾಲ್ಕರಿಂದ ಏಳಕ್ಕೆ ಬದಲಿಸಿದೆ. ಆಗ ಗಲ್ಲಾದಲ್ಲಿ ಕೂತವರ ಕಣ್ಣು ಅದರ ಮೇಲಿರುತ್ತದೆ. ಉಳಿದದ್ದು ಬೆಳಗ್ಗೆ ಐದರ ಮೇಲೆ.

ಬ್ಯಾಟರಿ ಉಬ್ಬಿದ್ದರೆ, ಸುಮ್ಮನೆ ನಿಂತಾಗಲೂ ಬಿಸಿಯಾಗಿದ್ದರೆ, ಬುಸ್ ಎನ್ನುವ ಶಬ್ದ ಅಥವಾ ವಿಚಿತ್ರ ವಾಸನೆ ಬಂದರೆ ಪರೀಕ್ಷೆ, ರಿಪೇರಿ ಎಂಬ ಮಾತೇ ಇಲ್ಲ. ಮೇನ್ ಆಫ್ ಮಾಡಿ, ಎಲ್ಲರನ್ನೂ ಹೊರಗೆ ಕರೆತಂದು 101ಕ್ಕೆ ಫೋನ್ ಮಾಡಿ. ಲಿಥಿಯಂ ಬೆಂಕಿ ನಮ್ಮ ಗೋಡೆಯ ಸಣ್ಣ ಸಿಲಿಂಡರಿಗೆ ಬಗ್ಗುವಂಥದ್ದಲ್ಲ, ಆರಿದಂತೆ ಕಂಡು ಮತ್ತೆ ಹೊತ್ತುತ್ತದೆ. ಹೊಗೆ ವಿಷ.

ಹಳೆಯ ಗಾಡಿ ಕೊಳ್ಳುವವರು ತಯಾರಾದ ತಿಂಗಳು ನೋಡಿ. ಬ್ಯಾಟರಿ ಸುರಕ್ಷತೆಯ ಎಐಎಸ್-156 ನಿಯಮಗಳ ಬಿಗಿಯಾದ ತಿದ್ದುಪಡಿಗಳು ಎರಡು ಹಂತದಲ್ಲಿ, 2022ರ ಡಿಸೆಂಬರ್ 1 ಮತ್ತು 2023ರ ಮಾರ್ಚ್ 31ರಿಂದ ಜಾರಿಗೆ ಬಂದವು. ಅದರ ನಂತರ ತಯಾರಾದದ್ದು ಸಿಕ್ಕರೆ ಒಳ್ಳೆಯದು. ನೋಂದಣಿ ಬೇಡವೆಂದು ಗಂಟೆಗೆ 25 ಕಿ.ಮೀ. ವೇಗದ, 250 ವ್ಯಾಟಿನ ಸಣ್ಣ ಗಾಡಿ ತಂದು ಅದರ ವೇಗ ಹೆಚ್ಚಿಸಿಕೊಳ್ಳುವವರೂ ಇದ್ದಾರೆ. ಅದು ಕಾನೂನಿಗೆ ವಿರುದ್ಧ. ಜೊತೆಗೆ ಆ ತೆಳು ತಂತಿ, ಸಣ್ಣ ಬ್ಯಾಟರಿ ಅಷ್ಟು ಕರೆಂಟಿಗೆ ಮಾಡಿದ್ದಲ್ಲ. 40 ಕಿಲೋ ಪಾರ್ಸೆಲ್ ಹೇರಿ ಫ್ಲೈಓವರ್ ಹತ್ತಿಸಿದರೆ ಮೊದಲು ಬೇಯುವುದು ಕನೆಕ್ಟರು.

ತೀರಾ ಸತ್ತ ಬ್ಯಾಟರಿಯನ್ನು ಗುಜರಿಗೆ ಹಾಕಬೇಡಿ, ಕಸದ ಗಾಡಿಗಂತೂ ಕೊಡಲೇಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯದನ್ನು ಮರಳಿ ಸಂಗ್ರಹಿಸುವ ಹೊಣೆ ತಯಾರಕರದು. ಲೆಡ್-ಆಸಿಡಿಗೆ ಡೀಲರುಗಳು ಹೊಸದರ ಬೆಲೆಯಲ್ಲಿ ಸ್ವಲ್ಪ ಕಡಿತವನ್ನೂ ಕೊಡುತ್ತಾರೆ. ಕೆಟ್ಟ ಆ ಐದನೆಯ ಡಬ್ಬಿಗೆ ನಮಗೂ ಸಿಕ್ಕಿತು.